ಕಾಳಿಯ ದಡದ ಸಂಪಾದನೆ

ಮುಂಬಯಿಯಲ್ಲಿ ನೆಲೆಸಿದ ನಮ್ಮವರಲ್ಲಿ ಇಂದಿಗೂ ಉತ್ತರ ಕನ್ನಡವೆನ್ನುವವರಿಗಿಂತ ‘ಕಾರವಾರ ಜಿಲ್ಲೆ’ ಎನ್ನುವವರೇ ಹೆಚ್ಚು. ಹೆಸರು ಏನೇ ಇರಲಿ, ಈ ಜಿಲ್ಲೆಯನ್ನು ಸರಿಯಾಗಿ ನೋಡಬೇಕೆನ್ನುವವನು ಕಾಳೀ ನದಿಯ ಜತೆಗೆ ಇಳಿದು ಬರಬೇಕೆಂಬುದು ನನ್ನ ಮತ. ಜೋಯಿಡಾ ತಾಲೂಕಿನ ಡಿಗ್ಗಿಯ ಬಳಿ ಹುಟ್ಟಿ, ಸುಮಾರು 184 ಕಿಲೋಮೀಟರು ಹರಿದು, ಸದಾಶಿವಗಡದ ಬುಡದಲ್ಲಿ ಅರಬ್ಬೀ ಸಮುದ್ರವನ್ನು ಸೇರುವ ಈ ನದಿ ತನ್ನ ಆಯುಷ್ಯವನ್ನೆಲ್ಲ ಒಂದೇ ಜಿಲ್ಲೆಯೊಳಗೆ ಕಳೆಯುತ್ತದೆ. ಅದರ ತಲೆಯ ಕಡೆ ಕಾಡು, ಕಾಲಿನ ಕಡೆ ಕಡಲು. ಜಿಲ್ಲೆಯ ಸುಮಾರು 80 ಪಾಲು ನೆಲ ಅರಣ್ಯವೆಂದು ಸರಕಾರಿ ಪುಸ್ತಕಗಳು ಹೇಳುತ್ತವೆ. ಕಡಲಿನಲ್ಲಿ ಬಂಗುಡೆ, ತಾರ್ಲೆ, ಸಿಗಡಿಗಳಿಗೆ ಬರವಿಲ್ಲವೆಂದು ನಮ್ಮ ಹಿರಿಯರು ಹೇಳುತ್ತಿದ್ದರು. ಇಷ್ಟು ಸಿರಿಯಿರುವ ನೆಲವನ್ನು ಬಿಟ್ಟು ಇಲ್ಲಿಯ ಜನ ಮುಂಬಯಿ, ಪುಣೆ, ಗೋವೆಗಳಿಗೆ ಚಾಕರಿ ಹುಡುಕಿಕೊಂಡು ಬಂದುದೇಕೆ? ಸಂಘದ ಹಬ್ಬದೂಟಗಳಲ್ಲಿ ಈ ಪ್ರಶ್ನೆ ಎಷ್ಟೋ ಸಲ ಎದ್ದು, ಹೋಳಿಗೆ ಬಂದೊಡನೆ ಮರೆತುಹೋದುದುಂಟು. ಕಳೆದ ಚಳಿಗಾಲದಲ್ಲಿ ಮನೆಯಾಕೆಯೂ ನಾನೂ ಎಂಟು ದಿನ ಬಿಡುವು ಮಾಡಿಕೊಂಡು ಹೊರಟಾಗ, ಕಾಡಿನಿಂದಲೂ ಕಡಲಿನಿಂದಲೂ ಹುಟ್ಟುವ ಹಣ ಯಾರ ಕೈಗೆ ಹೋಗುತ್ತದೆಂಬುದನ್ನು ಕೇಳುತ್ತ ಹೋಗೋಣವೆಂದು ನಿಶ್ಚಯಿಸಿದೆವು.

ಮುಂಬಯಿಯಿಂದ ಮೀರಜ, ಬೆಳಗಾವಿಯ ಮೇಲೆ ಬಂದರೆ ಅಳ್ನಾವರದಲ್ಲಿ ಇಳಿದು ದಾಂಡೇಲಿಯ ದಾರಿ ಹಿಡಿಯಬಹುದು. ಅಳ್ನಾವರದಿಂದ ದಾಂಡೇಲಿಗೆ ಬ್ರಿಟಿಷರ ಕಾಲದ ರೈಲುಹಾದಿಯೊಂದಿದೆ. ಅದನ್ನು ಹಾಕಿದ್ದು ಪ್ರಯಾಣಿಕರ ಅನುಕೂಲಕ್ಕೆಂದಲ್ಲ, ನಾಟಾ ಸಾಗಿಸುವುದಕ್ಕೆಂದು. ಮರದ ದಿಮ್ಮಿಗೆ ಈ ಸೀಮೆಯಲ್ಲಿ ನಾಟಾ ಎಂದೇ ಹೆಸರು. ಅದಕ್ಕೂ ಹಿಂದೆ ದಿಮ್ಮಿಗಳು ಕಾಳಿಯ ನೀರಿನಲ್ಲೇ ತೇಲಿಕೊಂಡು ಕಾರವಾರ ಸೇರುತ್ತಿದ್ದುವು. ಮಲಬಾರ, ಕೆನರಾ ಕರಾವಳಿಯ ತೇಗ ಮುಂಬಯಿಯ ಹಡಗುಕಟ್ಟೆಗೆ ಎಷ್ಟು ಬೇಕಾಗಿದ್ದಿತೆಂಬುದು ಹಳೆಯ ಮುಂಬಯಿಯ ಚರಿತ್ರೆ ಓದಿದವರಿಗೆ ಗೊತ್ತು. ಆದಕಾರಣ ನಮಗಿಂತ ಮೊದಲೇ ನಮ್ಮೂರಿನ ಮರ ಮುಂಬಯಿಗೆ ವಲಸೆ ಹೋಗಿದ್ದಿತೆಂದರೆ ತಪ್ಪಲ್ಲ. ಇನ್ನೊಂದು ಮಾತನ್ನೂ ನೆನೆಯಬೇಕು. 1862ರಲ್ಲಿ ಉತ್ತರ ಕೆನರಾ ಮದ್ರಾಸ್ ಪ್ರಾಂತದಿಂದ ಬೇರೆಯಾಗಿ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರವರೆಗೂ ಈ ಕಾಡಿನ ಉತ್ಪನ್ನವೆಲ್ಲ ಮುಂಬಯಿ ಸರಕಾರದ ಬೊಕ್ಕಸಕ್ಕೇ ಜಮೆಯಾಗುತ್ತಿದ್ದಿತು.

ದಾಂಡೇಲಿಯ ನಾಟಾ ಡಿಪೋ ನೋಡತಕ್ಕ ಜಾಗ. ತೇಗದ ದಿಮ್ಮಿಗಳನ್ನು ಅಳತೆಗನುಸಾರವಾಗಿ ಅಡ್ಡಡ್ಡಲಾಗಿ ಒಟ್ಟಿದ್ದಾರೆ; ಪ್ರತಿಯೊಂದರ ಕೊನೆಗೂ ನಂಬರು, ಉದ್ದ, ಸುತ್ತಳತೆ ಬರೆದಿದೆ. ಮಳೆ ಬಿದ್ದು ಆರಿದ ತೇಗದ ವಾಸನೆ ಹೊಸ ಪುಸ್ತಕದ ಅಂಗಡಿಯನ್ನು ನೆನಪಿಗೆ ತರುತ್ತದೆ. ಈಗ ಇಲ್ಲಿಗೆ ಬರುವುದು ಹೆಚ್ಚಾಗಿ ನೆಡುತೋಪುಗಳಲ್ಲಿ ತೆಳುವು ಮಾಡಿದ ಮರ, ಗಾಳಿಗೆ ಬಿದ್ದ ಮರ. ಹರಾಜೂ ಈಗ ಕಂಪ್ಯೂಟರಿನ ಮೇಲೆ ನಡೆಯುತ್ತದೆ. ಕೂಗುವವನಿಲ್ಲ, ಚಹದಂಗಡಿಯಲ್ಲಿ ಕೂತು ಪಿಸುಗುಡುವ ದಲ್ಲಾಳಿಗಳೂ ಮೊದಲಿನಂತೆ ಇಲ್ಲ. ಇಲ್ಲಿ ಮಾರಿದ ಪ್ರತಿಯೊಂದು ಘನ ಅಡಿಗೂ ಲೆಕ್ಕವುಂಟು. ಆದರೆ ಆ ಮರವನ್ನು ಕೂಪಿನಲ್ಲಿ ಕಡಿದವನಿಗೆ, ಎಳೆದವನಿಗೆ, ಲಾರಿಗೆ ಏರಿಸಿದವನಿಗೆ ಸಿಕ್ಕುವುದು ಕೂಲಿ. ಮರದ ಬೆಲೆ ಎರಡು ಪಟ್ಟಾದರೂ ಅವನ ಕೂಲಿ ಅದರ ಹಿಂದೆ ಓಡುವುದಿಲ್ಲ. ಅರಣ್ಯದ ಕೆಲಸದಲ್ಲಿ ಪಾಲು ಎಂಬ ಮಾತೇ ಬಹುಕಾಲ ಇರಲಿಲ್ಲ. ಈ ಒಂದು ಸಂಗತಿಯನ್ನು ಕಡಲ ದಡಕ್ಕೆ ಹೋಗುವವರೆಗೆ ಓದುಗರು ನೆನಪಿನಲ್ಲಿಡಬೇಕೆಂದು ಬೇಡುತ್ತೇನೆ.

ಬಿದಿರಿನ ಕಥೆ ಇನ್ನೂ ವಿಚಿತ್ರ. 1955ರಲ್ಲಿ ವೆಸ್ಟ್ ಕೋಸ್ಟ್ ಪೇಪರ್ ಮಿಲ್ಸ್ ಸ್ಥಾಪನೆಯಾಗಿ ಕಾಳಿಯ ದಡದಲ್ಲಿ ಕಾಗದದ ಕಾರ್ಖಾನೆ ಎದ್ದಿತು. ಸಾವಿರಾರು ಕುಟುಂಬಗಳಿಗೆ ಅದು ಅನ್ನ ಕೊಟ್ಟಿತು. ಬೇರೆ ಬೇರೆ ಪ್ರಾಂತಗಳಿಂದ ಜನ ಬಂದು ನೆಲೆಸಿ, ದಾಂಡೇಲಿ ಹತ್ತು ಭಾಷೆಯ ಊರಾಯಿತು. ಇದನ್ನು ಅಲ್ಲಗಳೆಯುವಂತಿಲ್ಲ. ಆದರೆ ಸುತ್ತಲಿನ ಕಾಡಿನ ಬಿದಿರನ್ನು ಸರಕಾರ ಮೊದಲ ವರ್ಷಗಳಲ್ಲಿ ಕಾರ್ಖಾನೆಗೆ ಒದಗಿಸಿದ್ದು ಟನ್ನಿಗೆ ಎರಡು ರೂಪಾಯಿಗೂ ಕಡಿಮೆ ದರದಲ್ಲಿ. ಪರಿಸರ ವಿಜ್ಞಾನಿ ಮಾಧವ ಗಾಡ್ಗೀಳರು ಇದನ್ನು ಮತ್ತೆ ಮತ್ತೆ ಬರೆದಿದ್ದಾರೆ. ಅದೇ ಬಿದಿರನ್ನು ಬುಟ್ಟಿ ಹೆಣೆಯುವ ಮೇದಾರನು ಪೇಟೆಯಲ್ಲಿ ಕೊಂಡರೆ ಅದರ ನೂರಾರು ಪಟ್ಟು ತೆರಬೇಕಾಗುತ್ತಿದ್ದಿತು. ಅಗ್ಗಕ್ಕೆ ಸಿಕ್ಕುವ ವಸ್ತುವನ್ನು ಯಾರು ಜೋಪಾನ ಮಾಡುತ್ತಾರೆ? ಕೆಲವು ದಶಕಗಳೊಳಗೆ ಹತ್ತಿರದ ಬಿದಿರು ತೀರುತ್ತ ಬಂದು, ಕಚ್ಚಾ ಮಾಲಿಗಾಗಿ ದೂರದ ರಾಜ್ಯಗಳ ಕಡೆ ನೋಡಬೇಕಾಯಿತು. ಇಂದು ಕಾಗದಕ್ಕೆ ಬೇಕಾದ ಮರವನ್ನು ರೈತರು ಹೊಲದಲ್ಲಿ ಬೆಳೆದು ಮಾರುತ್ತಾರೆ. ಸುಬಾಬುಲ್, ನೀಲಗಿರಿ, ಗಾಳಿ ಮುಂತಾದುವು ಲಾರಿಗಳಲ್ಲಿ ಬಂದು ಇಳಿಯುತ್ತವೆ. ರೈತನಿಗೆ ಬೆಲೆ ಕೊಡಲೇಬೇಕು, ಕೊಡುತ್ತಾರೆ. ಕಾಡಿಗೆ ಬೆಲೆ ಕೇಳುವವರು ಇರಲಿಲ್ಲವೆಂಬುದು ಇದರಿಂದ ತಿಳಿಯುತ್ತದೆ.

ಕೇಳುವವರು ಆಮೇಲೆ ಹುಟ್ಟಿಕೊಂಡರು. 1983ರ ಸೆಪ್ಟೆಂಬರ್ 8ರಂದು ಶಿರಸಿ ತಾಲೂಕಿನ ಸಾಲ್ಕಣಿಯ ಜನ ಕಾಡಿಗೆ ನಡೆದುಹೋಗಿ, ಕೊಡಲಿ ಬೀಳಬೇಕಾದ ಮರಗಳನ್ನು ತಬ್ಬಿ ನಿಂತರು. ಹಿಮಾಲಯದ ಚಿಪ್ಕೋ ಚಳವಳಿ ಇಲ್ಲಿ ‘ಅಪ್ಪಿಕೋ’ ಆಯಿತು. ಪಾಂಡುರಂಗ ಹೆಗಡೆಯವರು ಅದನ್ನು ಊರಿಂದೂರಿಗೆ ಒಯ್ದರು. ಅಡಕೆ ತೋಟದವರಿಗೆ ಅದು ಬರಿಯ ಮರದ ಮೇಲಿನ ಪ್ರೀತಿಯಾಗಿರಲಿಲ್ಲ. ಸೊಪ್ಪಿನ ಬೆಟ್ಟ ಬೋಳಾದರೆ ತೋಟಕ್ಕೆ ಗೊಬ್ಬರವಿಲ್ಲ, ಮೇಲಿನ ಕಾಡು ಹೋದರೆ ಹಳ್ಳದಲ್ಲಿ ನೀರಿಲ್ಲ. ಮುಂದೆ ಸಹಜ ಕಾಡಿನಲ್ಲಿ ಹಸಿ ಮರ ಕಡಿಯುವುದು ನಿಲ್ಲುತ್ತ ಬಂದಿತು. 1996ರ ಡಿಸೆಂಬರ್ 12ರ ಸುಪ್ರೀಂ ಕೋರ್ಟಿನ ಆಜ್ಞೆ ಇಡೀ ದೇಶದಲ್ಲಿ ಅದಕ್ಕೆ ಬೀಗ ಹಾಕಿತು. ಕಾಡು ಉಳಿಯಿತು, ಒಳ್ಳೆಯದಾಯಿತು. ಕೂಪಿನ ಕೂಲಿ ಮಾತ್ರ ಹೋಯಿತು. ಪ್ಲೈವುಡ್ ಕಾರ್ಖಾನೆಯೂ ಮುಚ್ಚಿತು. ಈಗ ದಾಂಡೇಲಿಯ ಹುಡುಗರು ಕಾಳಿಯಲ್ಲಿ ಪ್ರವಾಸಿಗರನ್ನು ರಬ್ಬರಿನ ತೆಪ್ಪದಲ್ಲಿ ಕೂರಿಸಿ ತೇಲಿಸುತ್ತಾರೆ. ಅಜ್ಜಂದಿರು ದಿಮ್ಮಿ ತೇಲಿಸಿದ ನೀರಿನಲ್ಲಿ ಮೊಮ್ಮಕ್ಕಳು ಪುಣೆಯವರನ್ನು ತೇಲಿಸುತ್ತಿದ್ದಾರೆಂದು ನನ್ನಾಕೆ ನಕ್ಕಳು.

ಕಾಡಿನಲ್ಲಿ ಈಗ ಜನರ ಕೈಗೆ ಹಣ ತರುವುದು ಮರವಲ್ಲ, ಮರದ ಮೇಲಿನ ಸಣ್ಣಪುಟ್ಟ ವಸ್ತು: ಮುರುಗಲು, ಸೀಗೆ, ಅಂಟುವಾಳ, ರಾಮಪತ್ರೆ, ಜೇನು, ಉಪ್ಪಾಗೆ. ಉಪ್ಪಾಗೆಯ ಹುಳಿಯನ್ನು ಹಿಂದೆ ಇಲ್ಲಿ ಹೆಚ್ಚು ಕೇಳುವವರಿರಲಿಲ್ಲ. ಬೀಜದಿಂದ ತುಪ್ಪ ತೆಗೆಯುತ್ತಿದ್ದರು. ಕೇರಳದವರು ಮೀನಿನ ಸಾರಿಗೆ ಅದರ ಸಿಪ್ಪೆಯನ್ನು ಬಿಡದೆ ಹಾಕುತ್ತಾರೆ. ಅದರ ಸಾರದಿಂದ ಮೈಯ ಕೊಬ್ಬು ಕರಗುತ್ತದೆಂಬ ಪ್ರಚಾರ 1990ರ ದಶಕದಲ್ಲಿ ಪರದೇಶಗಳಲ್ಲಿ ಎದ್ದಾಗ ಉಪ್ಪಾಗೆಯ ಬೆಲೆಯೂ ಏರಿತು. ಅಮೆರಿಕೆಯ ಹೆಂಗಸರು ತೆಳ್ಳಗಾಗಬೇಕೆಂದು ಸಿದ್ದಾಪುರದ ಕಾಡಿನಲ್ಲಿ ಜನ ಮಳೆಯಲ್ಲಿ ನೆನೆದರು! ಕಾಯಿ ಹಣ್ಣಾಗುವ ಮೊದಲೇ ಕೊಂಬೆ ಕಡಿಯುವ ಪೈಪೋಟಿ ಹುಟ್ಟಿತು. ಮಳೆಗಾಲದಲ್ಲಿ ಸಿಪ್ಪೆ ಒಣಗಿಸಲು ಹೊಗೆಯೊಲೆಗೆ ರಾಶಿ ಕಟ್ಟಿಗೆ ಬೇಕಾಯಿತು. ಸಂಗ್ರಹಿಸುವ ಹಕ್ಕು ಟೆಂಡರು ಹಿಡಿದ ಗುತ್ತಿಗೆದಾರನದು, ಆಯ್ದವರಿಗೆ ಕಿಲೋ ಲೆಕ್ಕದ ದುಡ್ಡು. 1993ರ ಅನಂತರ ಬಂದ ಗ್ರಾಮ ಅರಣ್ಯ ಸಮಿತಿಗಳು ನಡೆಯುತ್ತಿರುವ ಕಡೆ ಆದಾಯದಲ್ಲಿ ಊರಿಗೂ ಒಂದು ಪಾಲು ಉಂಟು. ಪಾಲು ಎಂಬ ಮಾತು ಕಾಡಿಗೆ ಬರಲು ಅಷ್ಟು ಕಾಲ ಬೇಕಾಯಿತು.

ಕಾಡಿನ ಕೂಲಿಯ ಮಾತು ಬಂದಾಗ ಅಂಕೋಲೆಯ ಹೊನ್ನಳ್ಳಿಯ ತುಳಸಿ ಗೌಡರ ಹೆಸರನ್ನು ಬಿಡಲಾಗದು. ಹಾಲಕ್ಕಿ ಸಮಾಜದ ಈ ತಾಯಿ ಅರಣ್ಯ ಇಲಾಖೆಯ ಸಸಿಮಡಿಯಲ್ಲಿ ದಶಕಗಳ ಕಾಲ ದಿನಗೂಲಿ ಮಾಡಿದ ಮೇಲೆ ಕೆಲಸ ಕಾಯಮಾಯಿತು. ಯಾವ ತಾಯಿಮರದ ಬೀಜ ಯಾವಾಗ ಆಯ್ದರೆ ಮೊಳೆಯುತ್ತದೆಂಬುದನ್ನು ಓದು ಬರಹವಿಲ್ಲದೆ ಬಲ್ಲವರಾಗಿದ್ದರು. 2020ರಲ್ಲಿ ಪದ್ಮಶ್ರೀ ಘೋಷಣೆಯಾಯಿತು. ಬರಿಗಾಲಿನಲ್ಲಿ ರಾಷ್ಟ್ರಪತಿ ಭವನಕ್ಕೆ ನಡೆದುಹೋದ ಚಿತ್ರವನ್ನು ನಾವೆಲ್ಲ ನೋಡಿದ್ದೇವೆ. 2024ರ ಡಿಸೆಂಬರಿನಲ್ಲಿ ತೀರಿಕೊಂಡರು. ಅವರು ಬೆಳೆಸಿದ ಸಸಿಗಳಿಗೆ ಡಿಪೋದ ತೇಗಕ್ಕಿರುವಂತೆ ನಂಬರಿಲ್ಲ.

ದಾಂಡೇಲಿಯಿಂದ ಜೋಯಿಡಾ, ಅಣಶಿಯ ಮೇಲೆ ಕಾರವಾರಕ್ಕೆ ಇಳಿಯುವ ಘಟ್ಟದ ದಾರಿ ಬಹು ಚೆಲುವಾದುದು. ವರ್ಣನೆಗೆ ಹೋಗುವುದಿಲ್ಲ; ಹೋದವರು ನೋಡಿಯೇ ಇರುತ್ತಾರೆ, ಹೋಗದವರು ಹೋಗಲಿ. 2007ರಲ್ಲಿ ಇದು ಹುಲಿ ಸಂರಕ್ಷಣೆಯ ಕಾಡಾಯಿತು, 2015ರಿಂದ ಅದಕ್ಕೆ ಕಾಳಿಯ ಹೆಸರೇ ಇದೆ. ದಾರಿಯುದ್ದಕ್ಕೂ ನದಿಗೆ ಅಣೆಕಟ್ಟುಗಳು: ಸೂಪಾ, ಕೊಡಸಳ್ಳಿ, ಕದ್ರಾ. ಇಲ್ಲಿ ಹುಟ್ಟಿದ ವಿದ್ಯುತ್ತು ಘಟ್ಟ ಹತ್ತಿ ಎಲ್ಲೆಲ್ಲಿಗೋ ಹೋಗುತ್ತದೆ.

ಕಾರವಾರ ಹತ್ತಿರವಾದಂತೆ ಗಾಳಿಯಲ್ಲಿ ಉಪ್ಪು ಬೆರೆಯುತ್ತದೆ. ಕಾಳಿಯ ಹಳೆಯ ಸೇತುವೆ ಈಗಿಲ್ಲ. 2024ರ ಆಗಸ್ಟ್ 7ರ ಅಪರಾತ್ರಿ ಅದು ಕುಸಿದು ಲಾರಿಯೊಂದು ನದಿಗೆ ಬಿದ್ದಿತು. ಚಾಲಕನನ್ನು ಸ್ಥಳದ ಮೀನುಗಾರರೂ ಪೊಲೀಸರೂ ಕೂಡಿ ಬದುಕಿಸಿದರು. ಬೈತಖೋಲದ ಧಕ್ಕೆಗೆ ನಾವು ಹೋದದ್ದು ಬೆಳಗಿನ ಆರು ಗಂಟೆಗೆ. ಬೋಟುಗಳು ಒಂದರ ಪಕ್ಕಕ್ಕೊಂದು ಉಜ್ಜಿಕೊಂಡು ನಿಂತಿದ್ದುವು. ಮಂಜುಗಡ್ಡೆ ಪುಡಿಮಾಡುವ ಸದ್ದಿಗೆ ಮಾತು ಕೇಳಿಸುತ್ತಿರಲಿಲ್ಲ.

ಅಲ್ಲಿ ಬಲೆ ಹೆಣೆಯುತ್ತ ಕುಳಿತಿದ್ದ ವೃದ್ಧರೊಬ್ಬರು ಕೊಂಕಣಿ ಬೆರೆತ ಕನ್ನಡದಲ್ಲಿ ರಾಂಪಣಿಯ ದಿನಗಳನ್ನು ಬಣ್ಣಿಸಿದರು. ರಾಂಪಣಿಯೆಂದರೆ ಒಂದು ಕಿಲೋಮೀಟರಿಗೂ ಮಿಕ್ಕ ಉದ್ದದ ಬಲೆ. ಮಳೆಗಾಲ ಕಳೆದು ಕಡಲು ತಣ್ಣಗಾದಾಗ ಬಂಗುಡೆಯ ಹಿಂಡು ದಡದ ಸಮೀಪ ಬರುತ್ತದೆ. ದೋಣಿಯವರು ಬಲೆಯನ್ನು ಕಮಾನಿನಂತೆ ಸುತ್ತುಹಾಕಿ ಎರಡು ತುದಿಗಳನ್ನೂ ದಡಕ್ಕೆ ತರುವರು. ಎಂಬತ್ತು ನೂರು ಜನ ಮರಳಿನ ಮೇಲೆ ನಿಂತು ಹಗ್ಗ ಎಳೆಯುವರು. ಬಲೆಗೆ ಇಷ್ಟು, ದೋಣಿಗೆ ಇಷ್ಟು, ಉಳಿದದ್ದು ಎಳೆದವರಿಗೆ ಎಂದು ಪಾಲು. ಹಗ್ಗಕ್ಕೆ ಕೈ ಹಾಕಿದ ಮುದುಕನಿಗೂ ಹುಡುಗನಿಗೂ ಏನಾದರೂ ಸಿಕ್ಕುತ್ತಿದ್ದಿತು. ಸುಗ್ಗಿ ಅತಿಯಾದ ವರ್ಷ ತಿಂದು, ಮಾರಿ, ಒಣಗಿಸಿ, ಮಿಕ್ಕ ತಾರ್ಲೆ ತೆಂಗಿನ ಬುಡಕ್ಕೆ ಗೊಬ್ಬರವಾಗುತ್ತಿದ್ದಿತು. ಹಿಂಡು ಬಾರದ ವರ್ಷ ಎಲ್ಲರಿಗೂ ಉಪವಾಸ. ಅದನ್ನು ಆ ವೃದ್ಧರು ಮರೆಮಾಚಲಿಲ್ಲ. ಅವರ ಅಣ್ಣ ಮುಂಬಯಿಯ ಸಸೂನ್ ಡಾಕ್ ಸೇರಿದ್ದು ಅಂಥ ಒಂದು ವರ್ಷದಲ್ಲೇ.

ಮುಂಬಯಿಯ ಮೀನಿನ ಧಕ್ಕೆಗೂ ನಮ್ಮ ಕರಾವಳಿಗೂ ಇರುವ ನಂಟು ಹಳೆಯದು. ಉಡುಪಿ, ಮಂಗಳೂರ ಕಡೆಯಿಂದ ಬಂದ ಮೊಗವೀರರು 1902ರಲ್ಲೇ ಮುಂಬಯಿಯಲ್ಲಿ ವ್ಯವಸ್ಥಾಪಕ ಮಂಡಳಿ ಕಟ್ಟಿಕೊಂಡಿದ್ದರೆಂಬುದನ್ನು ಇಲ್ಲಿ ಸ್ಮರಿಸಬಹುದು.

ರಾಂಪಣಿಯನ್ನು ಮುಗಿಸಿದ್ದು ಯಂತ್ರದ ದೋಣಿ. 1970ರ ದಶಕದ ನಡುವಿನಲ್ಲಿ ಮಂಗಳೂರ ಕಡೆ ಪರ್ಸೀನ್ ಬೋಟು ಬಂದಿತು. ಹಿಂಡು ದಡಕ್ಕೆ ಬರುವ ಮೊದಲೇ ಅದು ಆಳದಲ್ಲೇ ಸುತ್ತುಹಾಕಿ, ಚೀಲದ ಬಾಯಿ ಬಿಗಿದಂತೆ ಬಲೆಯ ತಳ ಬಿಗಿದು ಎತ್ತುತ್ತದೆ. ಕೆಲವೇ ವರ್ಷಗಳಲ್ಲಿ ರಾಂಪಣಿಯ ಬಲೆಗಳು ಮನೆಯ ಅಟ್ಟ ಸೇರಿದುವು. ಏಂಡಿ ಬಲೆಯಂಥ ಚಿಕ್ಕ ದಡದ ಬಲೆಗಳು ಅಲ್ಲಲ್ಲಿ ಉಳಿದವು. ಜಗಳಗಳಾದುವು, 1986ರಲ್ಲಿ ರಾಜ್ಯ ಕಡಲ ಮೀನುಗಾರಿಕೆಗೆ ಕಾಯಿದೆ ಮಾಡಿತು. ಮೀನಿನ ಮೊತ್ತವೇನೋ ಬೆಳೆಯಿತು. 2022ರಲ್ಲಿ ಕರ್ನಾಟಕದ ದಡಕ್ಕೆ ಬಂದ ಕಡಲ ಮೀನು ಸುಮಾರು 7 ಲಕ್ಷ ಟನ್ನು. ತಮಿಳುನಾಡಿನ ಅನಂತರ ದೇಶದಲ್ಲೇ ಎರಡನೆಯ ಸ್ಥಾನ. ಸುಮಾರು 300 ಕಿಲೋಮೀಟರಿನ ನಮ್ಮ ಕರಾವಳಿಗೆ ಇದು ಸಾಮಾನ್ಯವಲ್ಲ.

ಆದರೆ ಟನ್ನಿನ ಲೆಕ್ಕ ಬೇರೆ, ಮನೆಗೆ ಒಯ್ಯುವ ದುಡ್ಡಿನ ಲೆಕ್ಕ ಬೇರೆ. ಮೀನು ಹರಾಜಾದೊಡನೆ ಅದರಲ್ಲಿ ಡೀಸೆಲ್ಲು, ಮಂಜುಗಡ್ಡೆ, ಅಕ್ಕಿ ಸಾಮಾನು, ದಲ್ಲಾಳಿಯ ಕಮಿಶನ್ನು ಕಳೆಯುತ್ತಾರೆ. ಉಳಿದುದರಲ್ಲಿ ಬೋಟಿನ ಯಜಮಾನನ ಭಾಗ ಹೋಗಿ, ಮಿಕ್ಕದ್ದು ತಾಂಡೇಲನಿಗೂ ಕಲಾಸಿಗಳಿಗೂ ಹಂಚಿಕೆ. ಬರಿಗೈಯಲ್ಲಿ ತಿರುಗಿದ ದಿನ ಯಜಮಾನನಿಗೆ ಡೀಸೆಲ್ಲಿನ ಸಾಲ, ಕಲಾಸಿಗೆ ಬರಿಯ ಬತ್ತೆ. ಹೀಗಾಗಿ ಯಜಮಾನನೂ ಸುಖಿಯೆನ್ನುವಂತಿಲ್ಲ. ಬ್ಯಾಂಕಿನ ಕಂತಿಗೆ ರಜೆಯಿಲ್ಲ. ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಂತ್ರದ ದೋಣಿಗೆ ಕಡಲು ಮುಚ್ಚಿರುತ್ತದೆ. ಮೀನು ಮರಿಯಿಡುವ ಕಾಲ, ಮುಚ್ಚುವುದು ನ್ಯಾಯವೇ. ಆ ದಿನಗಳಿಗೆಂದು ಉಳಿತಾಯ ಮತ್ತು ಪರಿಹಾರದ ಯೋಜನೆಯೊಂದುಂಟು: ಮೀನುಗಾರ 1,500 ರೂಪಾಯಿ ಕಟ್ಟಿದರೆ ಸರಕಾರ 3,000 ಸೇರಿಸಿ ಒಟ್ಟು 4,500 ಕೊಡುತ್ತದೆ. ಮುಂಬಯಿಯಲ್ಲಿ ಒಂದು ಸಂಸಾರ ಇಷ್ಟರಲ್ಲಿ ಎಷ್ಟು ದಿನ ತಳ್ಳೀತೆಂಬುದನ್ನು ಓದುವ ತಾಯಂದಿರೇ ಎಣಿಸಿ ನೋಡಲಿ.

ಧಕ್ಕೆಯ ಮೇಲೆ ನಾನು ಕೇಳಿದ ಭಾಷೆಗಳಲ್ಲಿ ಒಡಿಯಾ ಒಂದು. ಕಲಾಸಿಗಳಲ್ಲಿ ಒಡಿಶಾ, ಆಂಧ್ರ, ಝಾರ್ಖಂಡದ ಹುಡುಗರು ಬಹಳ. ಊರಿನ ಹುಡುಗರು ಓದಿ ಬೆಂಗಳೂರಿಗೂ ಗೋವೆಗೂ ಹೋಗಿದ್ದಾರೆ. ನಾವು ಬಿಟ್ಟುಹೋದ ಜಾಗ ಬರಿದಾಗಿ ಉಳಿಯಲಿಲ್ಲ. ನಮ್ಮಂತೆಯೇ ಊರು ಬಿಟ್ಟ ಇನ್ನೊಬ್ಬರು ಬಂದು ಅದನ್ನು ತುಂಬಿದ್ದಾರೆ. ಗಂಜಾಮಿನ ಹುಡುಗನೊಬ್ಬ, ಮೀನಿನ ರಕ್ತ ಮೆತ್ತಿದ ಕೈಯನ್ನು ಲುಂಗಿಗೆ ಒರೆಸಿಕೊಂಡು, ಮನೆಗೆ ದುಡ್ಡು ಕಳಿಸಿದ ಸಂದೇಶವನ್ನು ಫೋನಿನಲ್ಲಿ ಜತೆಗಾರನಿಗೆ ತೋರಿಸುತ್ತಿದ್ದ. ನಮ್ಮ ತಂದೆಯವರ ಕಾಲದ ಮನಿಆರ್ಡರಿನ ರಸೀತಿ ಕಣ್ಣಮುಂದೆ ಬಂದಿತು.

ಕಾರವಾರದಿಂದ ತೆಂಕಣಕ್ಕೆ ಹೊರಟರೆ ಮೊದಲು ಸಿಕ್ಕುವುದು ನೌಕಾಪಡೆಯ ಗೋಡೆ. ಅರಗಾ, ಬಿಣಗಾ ಮೊದಲಾದ ಊರುಗಳ ಜನ ಅದಕ್ಕಾಗಿ ನೆಲವನ್ನೂ ದಡವನ್ನೂ ಬಿಟ್ಟುಕೊಟ್ಟರು. ಕದಂಬ ನೌಕಾನೆಲೆ 2005ರಲ್ಲಿ ಕೆಲಸಕ್ಕೆ ತೊಡಗಿತು. ದೇಶಕ್ಕೆ ಬೇಕಾದುದು. ಆದರೆ ನೆಲಕ್ಕೆ ಪರಿಹಾರದ ಲೆಕ್ಕ ಹಾಕಬಹುದು, ದೋಣಿ ಎಳೆದಿಡುತ್ತಿದ್ದ ಮರಳಿನ ದಂಡೆಗೆ ಪಹಣಿಪತ್ರ ಎಲ್ಲಿಂದ ಬರಬೇಕು? 2020ರ ಜನವರಿಯಲ್ಲಿ ಬಂದರು ವಿಸ್ತರಣೆಯ ಕೆಲಸ ಬಂದಾಗ ಉಳಿದಿರುವ ದಂಡೆಗಾಗಿ ಮೀನುಗಾರ ಹೆಂಗಸರು ಗಂಡಸರೆಲ್ಲ ಬೀದಿಗಿಳಿದುದು ಇದೇ ಕಾರಣಕ್ಕೆ. ಅಂಕೋಲೆ ದಾಟಿ ಶಿರೂರಿನ ಬಳಿ ಬಸ್ಸಿನಲ್ಲಿ ಎಲ್ಲರೂ ಕಿಟಕಿಗೆ ಬಗ್ಗಿದರು. 2024ರ ಜುಲೈ 16ರಂದು ಗುಡ್ಡ ಕುಸಿದು ಚಹದಂಗಡಿಯ ಸಂಸಾರವನ್ನೂ, ಕೇರಳದ ನಾಟಾ ಲಾರಿಯನ್ನೂ ಗಂಗಾವಳಿಗೆ ತಳ್ಳಿದ ಜಾಗ ಅದು. ಲಾರಿ ಹೊರಬರಲು ಎರಡು ತಿಂಗಳ ಮೇಲಾಯಿತು.

ಕುಮಟೆಯ ಕಡೆಯ ತದಡಿಗೆ ಹೋಗದಿದ್ದರೆ ನಮ್ಮ ಲೆಕ್ಕ ಅರ್ಧಕ್ಕೇ ನಿಲ್ಲುತ್ತಿದ್ದಿತು. ಅಲ್ಲಿ ಕಡಲು ಸೇರುವ ಅಘನಾಶಿನಿಗೆ ಕಾಳಿಯಂತೆ, ಶರಾವತಿಯಂತೆ ದೊಡ್ಡ ಅಣೆಕಟ್ಟಿಲ್ಲ. ಅದರ ಫಲ ಕಾಣುವುದು ಅಳಿವೆಯ ಕೆಸರಿನಲ್ಲಿ. ಬಳಚು ಬದುಕಲು ಸಿಹಿನೀರೂ ಉಪ್ಪುನೀರೂ ಹದವಾಗಿ ಬೆರೆಯಬೇಕು. ಶರಾವತಿಯಲ್ಲಿ ವಿದ್ಯುತ್ತಿಗೆಂದು ವರ್ಷವಿಡೀ ಬಿಡುವ ಸಿಹಿನೀರಿನಿಂದ ಅಳಿವೆಯ ಉಪ್ಪು ಇಳಿದು ಅಲ್ಲಿಯ ಬಳಚು ಬಹುಮಟ್ಟಿಗೆ ಹೋಯಿತು, ಅಘನಾಶಿನಿಯಲ್ಲಿ ಉಳಿಯಿತು. ಇಲ್ಲಿ ವರ್ಷಕ್ಕೆ 20 ಸಾವಿರ ಟನ್ನಿಗೂ ಮಿಕ್ಕಿ ಚಿಪ್ಪು ಮೀನು ಸಿಕ್ಕುತ್ತದೆಂದೂ, 2 ಸಾವಿರಕ್ಕೂ ಹೆಚ್ಚು ಜನ ಅದರಿಂದ ಬದುಕುತ್ತಾರೆಂದೂ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯವರು ಅಧ್ಯಯನ ಮಾಡಿ ಹೇಳಿದರು. ಅದಕ್ಕೆ ಮೊದಲು ಯಾವ ಇಲಾಖೆಯ ಪುಸ್ತಕದಲ್ಲೂ ಈ ಸಂಪಾದನೆಗೆ ಒಂದು ಸಾಲಿನ ಜಾಗವಿದ್ದಂತೆ ಕಾಣೆ. 2024ರಲ್ಲಿ ಈ ಅಳಿವೆ ರಾಮ್ಸಾರ್ ಪಟ್ಟಿಗೂ ಸೇರಿತು.

ಇಳಿತದ ಹೊತ್ತು ನೋಡಿ ನಾವು ತಾರಿಯ ಕಟ್ಟೆಯ ಬಳಿ ಕುಳಿತೆವು. ಹೆಂಗಸರು ಸೊಂಟಕ್ಕೆ ಸೀರೆ ಬಿಗಿದು ಮೊಣಕಾಲುದ್ದದ ಕೆಸರಿಗೆ ಇಳಿದಿದ್ದರು. ಕಾಲಿನಿಂದ ತಡವಿ, ಕೈಯಿಂದ ಹೆಕ್ಕಿ, ಬುಟ್ಟಿಗೆ ಹಾಕುವರು. ಗಂಡಸರು ಆಳದಲ್ಲಿ ಮುಳುಗಿ ತೆಗೆದು ಪಾತಿ ದೋಣಿಗೆ ತುಂಬುವರು. ಇಲ್ಲಿ ಬಲೆಯ ಯಜಮಾನನಿಲ್ಲ, ಡೀಸೆಲ್ಲಿಲ್ಲ, ಟೆಂಡರಿಲ್ಲ, ಹೆಕ್ಕಿದವರದೇ ಹೆಕ್ಕಿದ್ದು. ಗೋವೆಯ ಕಡೆಗೆ ಒಯ್ಯುವ ವ್ಯಾಪಾರಿ ಮಾತ್ರ ದಂಡೆಯ ಮೇಲೆ ಕಾದಿರುತ್ತಾನೆ.

ದಂಡೆಗೆ ಬಂದ ಹಿರಿಯಳೊಬ್ಬಳನ್ನು ನನ್ನಾಕೆ ಮಾತಿಗೆಳೆದಳು. ಆಕೆಯ ಮಗ ಮುಂಬಯಿಯಲ್ಲಿ ಹೋಟೆಲಿನಲ್ಲಿದ್ದಾನಂತೆ. ತಿಂಗಳಿಗೆ ಇಷ್ಟೆಂದು ಕಳಿಸುತ್ತಾನಂತೆ.

“ಮಗ ಕಳಿಸ್ತಾನಲ್ಲ, ಅಮ್ಮ, ಈ ವಯಸ್ಸಿನಾಗೆ ಕೆಸರು ಯಾಕೆ?” ಎಂದು ನಾನು ಕೇಳಿದೆ.

“ತಮಾ, ಅವ ಕಳ್ಸೂದು ಅವ್ನ ದುಡ್ಡು. ಇದು ನಂದು,” ಎಂದಳು. ಆಮೇಲೆ ನನ್ನಾಕೆಯ ಕಡೆ ತಿರುಗಿ, ಬಳಚಿನ ಸಾರಿಗೆ ಮುರುಗಲು ಹಾಕಬೇಕೋ ಹುಣಸೆ ಹಾಕಬೇಕೋ ಎಂಬ ವಿಚಾರ ಎತ್ತಿದಳು. ಘಟ್ಟದ ಮೇಲಿಂದ ಬಂದ ಮುರುಗಲೇ ಮೇಲೆಂಬುದು ಆಕೆಯ ಖಂಡಿತವಾದ ಅಭಿಪ್ರಾಯ. ಅಷ್ಟರಲ್ಲಿ ಭರತ ಏರಲು ತೊಡಗಿತು. ವ್ಯಾಪಾರಿ ತಕ್ಕಡಿ ಎತ್ತಿದ. ಆಕೆ ಎದ್ದು, ಬುಟ್ಟಿಯನ್ನು ತಾನೇ ತೂಗಿಸಿ, ದುಡ್ಡನ್ನು ಎರಡು ಸಲ ಎಣಿಸಿ, ಸೆರಗಿನ ತುದಿಗೆ ಗಂಟು ಹಾಕಿದಳು.